ನಾಲ್ಕು ಒಲಿಂಪಿಕ್ಸ್, ಒಂದು ಕಂಚು

ಯುಗಾದಿ ಊಟದ ದಿನ ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದರು: "ಏನ್ರೀ, ಮಗನ್ನ ಜೂಡೋಗೆ ಹಾಕಿದೀರಂತೆ? ಅದರಿಂದ ಮುಂದೆ ಏನು ಬರುತ್ತೆ?" ಬಾಯಲ್ಲಿ ಕೋಸಂಬರಿ ಇದ್ದದ್ದರಿಂದ ಉತ್ತರ ಹೇಳುವುದು ತಪ್ಪಿತು. ಹೇಳಲು ಉತ್ತರವೂ ಇರಲಿಲ್ಲವೆನ್ನಿ.

ಅದಾದ ಎರಡೇ ವಾರಕ್ಕೆ ಮಗ ಮೊದಲ ಪಂದ್ಯಕ್ಕೆ ಇಳಿದ. 18 ಸೆಕೆಂಡಿಗೆ ಬೆನ್ನ ಮೇಲೆ ಬಿದ್ದಿದ್ದ. ಕುಸ್ತಿಯಲ್ಲಾದರೆ ಬಿದ್ದವನಿಗೆ ಒದ್ದಾಡಲು ಅವಕಾಶವಿದೆ, ಎರಡೂ ಭುಜ ನೆಲಕ್ಕೆ ತಾಗುವವರೆಗೆ ಚಿತ್ ಆದಂತಲ್ಲ. ಜೂಡೋದಲ್ಲಿ ಎತ್ತಿ ರಭಸದಿಂದ ಬೆನ್ನ ಮೇಲೆ ಕೆಡವಿದರೆ ಅಲ್ಲಿಗೆ ಮುಗಿಯಿತು. ಅದಕ್ಕೆ ಇಪ್ಪೋನ್ ಎನ್ನುತ್ತಾರೆ. ಕಾರಿನಲ್ಲಿ ಹಿಂದಿರುಗುವಾಗ ಮಗ, "ಇನ್ನು ನಾನು ಹೋಗಲ್ಲ" ಎಂದ. ನಿಜ ಹೇಳಬೇಕೆಂದರೆ ನಮಗೆ ಒಳಗೊಳಗೇ ಸಮಾಧಾನವಾಯಿತು. ಶನಿವಾರ ಅದೇ ಹೊತ್ತಿಗೆ ಗಣಿತದ ತರಗತಿಯೊಂದಿದೆ.

ಆದರೆ ಅವನು ಬಿದ್ದ ಚಾಪೆಯ ಅಂಚಿನಲ್ಲಿ 'ಸ್ವೈನ್' ಎಂದು ಬರೆದಿದ್ದುದು ಕಣ್ಣಿಗೆ ಬಿದ್ದಿತ್ತು. ಯಾರಪ್ಪಾ ಈತ ಎಂದು ಹುಡುಕಹೊರಟದ್ದೇ ಈ ಸಲದ ಅಂಕಣವಾಯಿತು.

ಮೈಕ್ ಸ್ವೈನ್ ಹುಟ್ಟಿದ್ದು 1960ರಲ್ಲಿ, ನ್ಯೂಜೆರ್ಸಿಯಲ್ಲಿ. ಓದಿದ್ದು, ಪಳಗಿದ್ದು ನಮ್ಮ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. 1980ರಲ್ಲಿ, 19ನೆಯ ವಯಸ್ಸಿಗೇ, ಅಮೆರಿಕದ ಒಲಿಂಪಿಕ್ ತಂಡಕ್ಕೆ ಆಯ್ಕೆಯಾದರು. ಆ ವರ್ಷ ಆಫ್ಘಾನಿಸ್ತಾನದ ಕಾರಣಕ್ಕೆ ಅಮೆರಿಕ ಮಾಸ್ಕೋಗೆ ಹೋಗಲೇ ಇಲ್ಲ. ಆ ತಂಡದವರಿಗೆ ಸಮಾಧಾನಕ್ಕೆಂದು ಸರ್ಕಾರ ಚಿನ್ನದ ಪದಕ ಕೊಟ್ಟಿತು. ಅದು ಕಂಚಿಗೆ ಚಿನ್ನದ ಲೇಪ ಕೊಟ್ಟದ್ದು! ರಸಾಯನಶಾಸ್ತ್ರದವರು ಇಂಥದ್ದನ್ನು ಹೇಳದೆ ಬಿಡುವುದಿಲ್ಲ, ಕ್ಷಮಿಸಬೇಕು.

ಅದೇ ಮಾಸ್ಕೋದಲ್ಲಿ ಭಾರತ ಹಾಕಿಯಲ್ಲಿ ಸ್ಪೇನನ್ನು 4-3ರಿಂದ ಸೋಲಿಸಿ ಚಿನ್ನ ಗೆದ್ದದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ತಂಡದಲ್ಲಿ ನಮ್ಮ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು. ಬಲವಾದ ದೇಶಗಳು ಹಲವು ಬಾರದೆ ಕಣದಲ್ಲಿ ಇದ್ದದ್ದು ಆರೇ ತಂಡ. ಸೋಮಯ್ಯನವರು 1984ರಲ್ಲೂ ಆಡಿದರು, 1988ರಲ್ಲಿ ನಾಯಕರಾಗಿಯೂ ಆಡಿದರು. ಪದಕ ಮತ್ತೆ ಬರಲಿಲ್ಲ. ಒಬ್ಬರಿಗೆ ಮೊದಲ ಒಲಿಂಪಿಕ್ಸಿನಲ್ಲೇ ಚಿನ್ನ, ಇನ್ನೊಬ್ಬರಿಗೆ ಮೊದಲ ಒಲಿಂಪಿಕ್ಸೇ ಇಲ್ಲ. ಯಾರ ಬೆವರು ಹೆಚ್ಚೆಂದು ಇದರಿಂದ ಹೇಗೆ ಲೆಕ್ಕ ಹಾಕುವುದು?

ಸ್ವೈನ್ 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಬರಿಗೈಯಲ್ಲಿ ಉಳಿದರು. ಮೂರು ವರ್ಷ ಕಳೆದು, 1987ರಲ್ಲಿ, ಜರ್ಮನಿಯ ಎಸ್ಸೆನ್ ನಗರದಲ್ಲಿ 71 ಕಿಲೋ ವರ್ಗದ ವಿಶ್ವ ಚಾಂಪಿಯನ್ ಆದರು. ಜೂಡೋದಲ್ಲಿ ಆ ಪಟ್ಟ ಪಡೆದ ಅಮೆರಿಕದ ಮೊದಲ ಪುರುಷ ಅವರೇ. ಮರುವರ್ಷ ಸಿಯೋಲ್ ಒಲಿಂಪಿಕ್ಸಿನಲ್ಲಿ ಕಂಚು. 1992ರ ಬಾರ್ಸಿಲೋನಾ ತಂಡದಲ್ಲೂ ಇದ್ದರು; ಅಲ್ಲಿ ಪದಕವಿಲ್ಲ. 1996ಕ್ಕೆ ಅಮೆರಿಕದ ತಂಡಕ್ಕೆ ತರಬೇತುದಾರರಾದರು. ನಡುವೆ ಚಾಪೆಯ ವ್ಯಾಪಾರಕ್ಕೂ ಇಳಿದರು. ನಮ್ಮ ಮಗ ಬಿದ್ದದ್ದು ಅದರ ಮೇಲೆಯೇ.

ಈ 71 ಕಿಲೋ ಎಂಬುದು ಸಣ್ಣ ಮಾತಲ್ಲ. ತಕ್ಕಡಿಯ ಮೇಲೆ ಒಂದು ಚೂರು ಹೆಚ್ಚಾದರೂ ಆಟಗಾರ ಹೊರಗೆ. ಸಿಯೋಲಿನಲ್ಲಿ ಇದೇ ವರ್ಗದ ಬ್ರಿಟಿಷ್ ಆಟಗಾರನೊಬ್ಬನಿಂದ ಕಂಚನ್ನು ಹಿಂದಕ್ಕೆ ಪಡೆದರು, ಮೂತ್ರದಲ್ಲಿ ಫ್ಯೂರೊಸೆಮೈಡ್ ಸಿಕ್ಕಿತೆಂದು. ಊರಿನಲ್ಲಿ ಅಜ್ಜ ಅಜ್ಜಿಯರ ಕಾಲು ಊದಿದಾಗ ಡಾಕ್ಟರು ಕೊಡುವ ಲ್ಯಾಸಿಕ್ಸ್ ಮಾತ್ರೆ ಇದೆಯಲ್ಲ, ಅದೇ. ಮೂತ್ರಪಿಂಡ ಉಪ್ಪನ್ನು ಹಿಂದಕ್ಕೆ ಹೀರದಂತೆ ಅದು ತಡೆಯುತ್ತದೆ. ಉಪ್ಪಿನ ಜೊತೆ ನೀರೂ ಹೊರಟುಹೋಗುತ್ತದೆ. ತೂಕ ಇಳಿಯುತ್ತದೆ, ಮೂತ್ರ ತೆಳುವಾಗಿ ಬೇರೆ ಔಷಧಗಳ ಸುಳಿವೂ ಮಸುಕಾಗುತ್ತದೆ. ನಿಷೇಧಿಸಿದ್ದು ಅದಕ್ಕೇ.

ತೂಕದ ವರ್ಗಗಳು ಜೂಡೋಗೆ ಬಂದದ್ದರಲ್ಲಿ ಸ್ವೈನ್ ಅವರ ಗುರುಗಳ ಕೈ ದೊಡ್ಡದು. ಅವರು ಯೋಶಿಹಿರೊ ಉಚಿಡಾ. ಮೈಸೂರಿನ ದಸರಾ ಕುಸ್ತಿಗೆ ಮೊದಲೇ ಪೈಲ್ವಾನರನ್ನು ಸರಿನೋಡಿ ಜೋಡಿ ಕಟ್ಟುತ್ತಾರಲ್ಲವೆ? ಜೂಡೋದಲ್ಲಿ ಆ ಪದ್ಧತಿ ಇರಲಿಲ್ಲ. ಎಳೆಯನೂ ಆನೆಯಂಥವನ ಎದುರು ನಿಲ್ಲಬೇಕಿತ್ತು. ಉಚಿಡಾ ಅವರು ಬರ್ಕ್ಲಿಯ ಹೆನ್ರಿ ಸ್ಟೋನ್ ಜೊತೆ ಸೇರಿ ತೂಕದ ಲೆಕ್ಕ ತಂದರು. 1953ರ ರಾಷ್ಟ್ರೀಯ ಪಂದ್ಯಾವಳಿ ಸ್ಯಾನ್ ಹೋಸೆ ಸ್ಟೇಟ್‌ನಲ್ಲೇ ನಡೆಯಿತು. 1964ರಲ್ಲಿ ಟೋಕಿಯೋದಲ್ಲಿ ಜೂಡೋ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಬಂದಾಗ ಅಮೆರಿಕದ ತಂಡಕ್ಕೆ ಗುರು ಇವರೇ.

ಈ ಮನುಷ್ಯನ ಕಥೆ ಓದಿದ ರಾತ್ರಿ ನಮಗೆ ಬೇಗ ನಿದ್ದೆ ಬರಲಿಲ್ಲ. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದವರು. ಎರಡನೆಯ ಮಹಾಯುದ್ಧದಲ್ಲಿ ಅವರು ಅಮೆರಿಕದ ಸೇನೆಯಲ್ಲಿದ್ದಾಗ, ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಅವರ ಮನೆಯವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದರು. 1942ರಲ್ಲಿ ಈ ಕಣಿವೆಯ ಜಪಾನೀ ಕುಟುಂಬಗಳನ್ನು ಹೆಸರು ಬರೆಸಿ ಸಾಗಿಸಿದ್ದು ಅದೇ ಕಾಲೇಜಿನ ವ್ಯಾಯಾಮಶಾಲೆಯಿಂದ. ಯುದ್ಧ ಮುಗಿದ ಮೇಲೆ ಉಚಿಡಾ ಅದೇ ಕಾಲೇಜಿಗೆ ಮರಳಿದರು. ಹೊಟ್ಟೆಪಾಡಿಗೆ ವೈದ್ಯಕೀಯ ಪ್ರಯೋಗಾಲಯ ನಡೆಸುತ್ತ, ದಶಕಗಳ ಕಾಲ ಹುಡುಗರಿಗೆ ಬೀಳುವುದನ್ನು ಕಲಿಸಿದರು. ಹೌದು, ಜೂಡೋದಲ್ಲಿ ಮೊದಲ ಪಾಠ ಕೆಡವುವುದಲ್ಲ, ಬೀಳುವುದು. 1997ರಲ್ಲಿ ಆ ಕಟ್ಟಡಕ್ಕೆ ಅವರ ಹೆಸರನ್ನೇ ಇಟ್ಟರು. 2024ರಲ್ಲಿ, ತಮ್ಮ 104ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಇದನ್ನೆಲ್ಲ ಮಗನಿಗೆ ಹೇಳಿದೆವು. ಅವನು ಪೂರ್ತಿ ಕೇಳಿ, "ಸ್ವೈನ್ ಮೊದಲನೇ ಸಲ ಎಷ್ಟು ಸೆಕೆಂಡಿಗೆ ಸೋತ?" ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ.

ಮೈಸೂರಿನಿಂದ ಫೋನಿನಲ್ಲಿ ಅವನ ಅಜ್ಜಿ, "ಮಗೂನ ಎತ್ತಿ ಒಗೀತಾರಂತೆ, ಬಿಡಿಸ್ರೋ" ಎನ್ನುತ್ತಿದ್ದಾರೆ. ಅವರ ತಂದೆ ಗರಡಿಮನೆಯಲ್ಲಿ ಕೆಮ್ಮಣ್ಣು ಮೆತ್ತಿಕೊಂಡವರೆಂಬುದು ಅವರಿಗೆ ಈಗ ಮರೆತಂತಿದೆ. ಗಣಿತದ ತರಗತಿಗೆ ಹಣ ಕಟ್ಟಲು ಈ ತಿಂಗಳ ಕೊನೆಯವರೆಗೆ ಸಮಯವಿದೆ, ನಾವಿನ್ನೂ ಕಟ್ಟಿಲ್ಲ. ಬಿಳಿಯ ಅಂಗಿ, ಪಟ್ಟಿ ಎರಡನ್ನೂ ಒಗೆದು ಮಡಿಸಿ ಅವನ ಮಂಚದ ಮೇಲೆ ಇಟ್ಟಿದ್ದೇವೆ. ಶುಕ್ರವಾರ ರಾತ್ರಿ ನೋಡಿದಾಗ ಅದು ಮಂಚದಿಂದ ಕುರ್ಚಿಗೆ ಬಂದಿತ್ತು.