ಮಧುಚಂದ್ರದ ಹೊರೆ ಯಾರ ಹೆಗಲಿಗೆ?

ತೊಗರಿಯ ರಾಶಿ ಮುಗಿದು, ಕಬ್ಬಿನ ಹಣ ಕೈಸೇರುವ ತಿಂಗಳುಗಳಲ್ಲಿ ಆಳಂದ, ಅಫಜಲಪುರ ಮತ್ತು ಜೇವರ್ಗಿಯ ಶಾದಿಮಹಲ್‌ಗಳಿಗೆ ಬಿಡುವಿರುವುದಿಲ್ಲ. ಸಂಬಂಧ ಕುದುರಿಸುವ ಮಾತುಕತೆಯಲ್ಲಿ ಬೈಕು, ಮಂಚ, ಕಪಾಟು, ಫ್ರಿಜ್ಜುಗಳ ಪಟ್ಟಿಯ ಕೊನೆಗೆ ಈಗ ಹೊಸದೊಂದು ಸಾಲು ಸೇರಿಕೊಳ್ಳುತ್ತಿದೆ. ಅದು ನವದಂಪತಿಯ ಪ್ರವಾಸದ ಖರ್ಚು. 'ನಾವೇನೂ ಕೇಳುವುದಿಲ್ಲ, ಮಕ್ಕಳು ಎಲ್ಲಿಗಾದರೂ ಹೋಗಿ ಬರುವ ವ್ಯವಸ್ಥೆ ಮಾಡಿದರೆ ಸಾಕು' ಎಂಬ ಸೌಮ್ಯವಾದ ಮಾತಿನಲ್ಲಿ ಇದು ಆರಂಭವಾಗುತ್ತದೆ. ಆ ಮಾತು ಎಷ್ಟೇ ಸೌಮ್ಯವಾಗಿದ್ದರೂ ಅದರ ಭಾರವನ್ನು ಹೊರುವವನು ಹೆಣ್ಣಿನ ತಂದೆಯೇ.

ನವದಂಪತಿ ಕೆಲವು ದಿನ ಜೊತೆಯಾಗಿ ಪ್ರಯಾಣ ಮಾಡುವುದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಇದು ಪಾಶ್ಚಾತ್ಯರ ಅನುಕರಣೆ ಎಂದು ಮೂಗು ಮುರಿಯುವ ಹಿರಿಯರು ಪ್ರವಾದಿ(ಸ)ಯವರ ಜೀವನದ ಒಂದು ಘಟನೆಯನ್ನು ನೆನಪಿಸಿಕೊಳ್ಳಬೇಕು. ಪ್ರಯಾಣವೊಂದರಲ್ಲಿ ಅವರು ಸಂಗಾತಿಗಳನ್ನು ಮುಂದೆ ಸಾಗಲು ಹೇಳಿ, ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದರು. ದಾಂಪತ್ಯದಲ್ಲಿ ನಗುವಿಗೂ ವಿನೋದಕ್ಕೂ ಸ್ಥಾನವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ನಮ್ಮ ಪಟ್ಟಣಗಳ ಮನೆಗಳ ಸ್ಥಿತಿಯನ್ನೂ ನೋಡಬೇಕು. ಎರಡು ಕೋಣೆಗಳಲ್ಲಿ ಅತ್ತೆ, ಮಾವ, ಮೈದುನ, ನಾದಿನಿಯರೊಂದಿಗೆ ಬಾಳು ಆರಂಭಿಸುವ ಹುಡುಗಿಗೆ ಗಂಡನೊಂದಿಗೆ ಮನಬಿಚ್ಚಿ ಮಾತನಾಡಲು ಒಂದು ಮೂಲೆಯೂ ಸಿಗುವುದಿಲ್ಲ. ಅಂಥವರಿಗೆ ನಾಲ್ಕು ದಿನಗಳ ಏಕಾಂತ ಆಡಂಬರವಲ್ಲ, ಅಗತ್ಯ.

ಆದ್ದರಿಂದ ಇಲ್ಲಿರುವ ಪ್ರಶ್ನೆ ಪ್ರವಾಸ ಬೇಕೆ ಬೇಡವೆ ಎಂಬುದಲ್ಲ, ಅದರ ಹಣ ಯಾರದು ಎಂಬುದು. ಇಸ್ಲಾಮಿನಲ್ಲಿ ಮಹರ್ ನೀಡುವವನು ವರ, ವಲೀಮಾ ಏರ್ಪಡಿಸುವವನು ವರ, ಪತ್ನಿಯ ಜೀವನಾಂಶದ ಹೊಣೆಗಾರನೂ ಅವನೇ. ಹೀಗಿರುವಾಗ ಅವಳನ್ನು ಪ್ರವಾಸಕ್ಕೆ ಕರೆದೊಯ್ಯುವ ಟಿಕೆಟ್ಟಿಗಾಗಿ ಅವಳ ತಂದೆಯ ಮುಂದೆ ಕೈಯೊಡ್ಡುವುದು ಯಾವ ನ್ಯಾಯ? ದೇಶದ ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯು ವಿವಾಹಕ್ಕೆ ಸಂಬಂಧಿಸಿ ಮೊದಲೇ ಆಗಲಿ, ವಿವಾಹದ ವೇಳೆಯಲ್ಲಾಗಲಿ, ನಂತರವಾಗಲಿ, ನೇರವಾಗಿ ಅಥವಾ ಪರೋಕ್ಷವಾಗಿ ಕೊಡುವ ಸೊತ್ತನ್ನು ವರದಕ್ಷಿಣೆ ಎಂದು ಕರೆಯುತ್ತದೆ. ಮಹರನ್ನು ಅದು ಈ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಪಡೆದವರಿಗೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯನ್ನೂ ದಂಡವನ್ನೂ ವಿಧಿಸಿದೆ. ಬೇಡಿಕೆಯಿಟ್ಟು ಪಡೆದ ಪ್ರವಾಸದ ಹಣಕ್ಕೆ 'ಉಡುಗೊರೆ' ಎಂಬ ಹೆಸರು ಕೊಟ್ಟ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ.

ಇನ್ನು ಕೆಲವರು ಹೆಣ್ಣಿನ ಮನೆಯವರನ್ನು ಕೇಳುವುದಿಲ್ಲ, ಆದರೆ ವಧುವಿನ ಒಡವೆಯನ್ನೇ ಗಿರವಿ ಇಟ್ಟು ಹೊರಡುತ್ತಾರೆ. ಇದು ಇನ್ನೂ ಖೇದಕರ. ಮಹರ್ ಆಗಿ ಬಂದ ಚಿನ್ನ ಅವಳ ಸ್ವಂತ ಸೊತ್ತು. ಮದುವೆಯಾಗಿ ವಾರ ಕಳೆಯದ ಹುಡುಗಿ ಗಂಡನಿಗೆ 'ಇಲ್ಲ' ಎನ್ನಲು ಸಂಕೋಚ ಪಡುತ್ತಾಳೆ. ಆ ಸಂಕೋಚವನ್ನು ಒಪ್ಪಿಗೆ ಎಂದು ಭಾವಿಸಬಾರದು. ಊಟಿಯ ಫೋಟೋಗಳು ಮೊಬೈಲಿನಲ್ಲಿ ಹಳತಾದ ಮೇಲೂ ಗಿರವಿಯ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ದಂಪತಿಗಳ ಮೊದಲ ಜಗಳ ಅನೇಕ ವೇಳೆ ಅಲ್ಲಿಂದಲೇ ಹುಟ್ಟುತ್ತದೆ.

ಸ್ವಂತ ದುಡಿಮೆಯ ಹಣದಲ್ಲಿ ಹೋಗಬೇಕೆಂದರೆ ದೂರದ ಗಿರಿಧಾಮವೇ ಆಗಬೇಕೆಂದಿಲ್ಲ. ಜೇವರ್ಗಿಯಿಂದ ಸಿಂದಗಿ ಮಾರ್ಗವಾಗಿ ಹೋದರೆ ವಿಜಯಪುರ. ಅಲ್ಲಿ ಮುಹಮ್ಮದ್ ಆದಿಲ್ ಶಾಹನ ಗೋಲಗುಮ್ಮಟವಿದೆ, ಎರಡನೆಯ ಇಬ್ರಾಹೀಮ್ ಆದಿಲ್ ಶಾಹ ಮತ್ತು ಅವನ ಪತ್ನಿ ತಾಜ್ ಸುಲ್ತಾನಾ ಜೊತೆಯಾಗಿ ವಿಶ್ರಮಿಸುತ್ತಿರುವ ಇಬ್ರಾಹೀಮ್ ರೋಜಾ ಇದೆ. ಕಲಬುರಗಿಯಿಂದ ಬೀದರಿಗೆ ರೈಲು ಮಾರ್ಗ 2017ರಲ್ಲಿ ಪೂರ್ಣಗೊಂಡಿದೆ. ಅಲ್ಲಿನ ಕೋಟೆ, ರಂಗೀನ್ ಮಹಲ್, ಮಹಮೂದ್ ಗವಾನನ ಮದರಸಾ ನೋಡಲು ಎರಡು ದಿನ ಸಾಲದು. ನಮ್ಮದೇ ಕಲಬುರಗಿ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಯನ್ನು ಕಣ್ಣಾರೆ ಕಂಡ ಯುವಕರು ಎಷ್ಟು ಮಂದಿ? 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲ. ದಂಪತಿ ಹೊರಟರೆ ಒಬ್ಬರ ದರ ಕೊಟ್ಟರೆ ಸಾಕು. ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳು ಬಿಟ್ಟು ಹೊರಡುವುದು ಮಾತ್ರ ವಿವೇಕ.

ಹೊರಡುವ ಸಿದ್ಧತೆಯೂ ಇಬ್ಬರದ್ದಾಗಿರಬೇಕು. ಎಲ್ಲಿಗೆ, ಎಷ್ಟು ದಿನ, ಎಷ್ಟು ಖರ್ಚು ಎಂಬುದನ್ನು ಗಂಡನ ಗೆಳೆಯರು ತೀರ್ಮಾನಿಸಿ ವಧುವಿಗೆ ಕೊನೆಗೆ ತಿಳಿಸುವ ಪದ್ಧತಿ ಸಲ್ಲದು. ಚೀಲ ತುಂಬುವಾಗ ಮೊದಲು ಇಡಬೇಕಾದದ್ದು ಇಬ್ಬರ ಗುರುತಿನ ಚೀಟಿ ಮತ್ತು ನಿಕಾಹ್ ಪತ್ರದ ಪ್ರತಿ. ವಸತಿಗೃಹದಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಬಸ್ಸಿನಲ್ಲೂ ಮಹಿಳೆ ಅದನ್ನು ತೋರಿಸಬೇಕು. ಕೋಣೆಯನ್ನು ಮುಂಚಿತವಾಗಿ ಗೊತ್ತುಪಡಿಸಿಕೊಂಡರೆ ರಾತ್ರಿ ಹೊತ್ತು ಹೊಸ ಊರಿನಲ್ಲಿ ಅಲೆಯುವುದು ತಪ್ಪುತ್ತದೆ. ಮದುವೆಯ ಜರಿ ಉಡುಪು, ಭಾರವಾದ ಒಡವೆ ಮನೆಯಲ್ಲೇ ಇರಲಿ. ಹತ್ತಿಯ ಬಟ್ಟೆ, ನಡೆಯಲು ಅನುಕೂಲವಾದ ಚಪ್ಪಲಿ, ನಿತ್ಯ ಸೇವಿಸುವ ಔಷಧಿ, ನೀರಿನ ಬಾಟಲಿ, ಒಂದು ಜಾನಮಾಜ್ ಸಾಕು. ಕೈಯಲ್ಲಿರುವ ಹಣದ ಒಂದು ಪಾಲು ಪತ್ನಿಯ ಬಳಿಯೂ ಇರಬೇಕು. ಹೊರಡುವ ಮುನ್ನ ಅವಳು ತವರಿಗೆ ಒಂದು ಮಾತು ತಿಳಿಸಿ ಹೊರಡುವಂತಾಗಬೇಕು.

ಅತ್ತೆಯಂದಿರಿಗೂ ಒಂದು ಮಾತು. ಸೊಸೆ ನಾಲ್ಕು ದಿನ ಅಡುಗೆಮನೆಯಲ್ಲಿ ಇಲ್ಲದಿದ್ದರೆ ಮನೆಯೇನೂ ನಿಂತುಹೋಗದು. ಮಗನ ಜೊತೆ ತಮ್ಮನನ್ನೂ ತಂಗಿಯನ್ನೂ ಕಾವಲಿಗೆಂಬಂತೆ ಕಳುಹಿಸುವ ರೂಢಿ ಕೆಲವೆಡೆ ಇದೆ. ಅದು ಆ ಪ್ರವಾಸದ ಉದ್ದೇಶವನ್ನೇ ಹಾಳುಮಾಡುತ್ತದೆ.

ನಿಕಾಹ್ ಸರಳವಾಗಬೇಕೆಂದು ವೇದಿಕೆಗಳಲ್ಲಿ ಮಾತನಾಡುವ ನಾವು, ದುಂದುವೆಚ್ಚವು ಹೊಸ ಬಾಗಿಲಿನಿಂದ ಒಳಗೆ ಬರುತ್ತಿರುವುದನ್ನು ಕಂಡೂ ಸುಮ್ಮನಿರಬಾರದು. ಮಾತುಕತೆಗೆ ಕೂರುವ ಹಿರಿಯರು, ನಿಕಾಹ್ ನೆರವೇರಿಸುವ ಖಾಜಿಗಳು, ಮಸೀದಿ ಕಮಿಟಿಗಳು ಈ ಬೇಡಿಕೆಯನ್ನು ಅಲ್ಲೇ ತಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 'ನನ್ನ ಹೆಂಡತಿಯನ್ನು ನನ್ನ ದುಡಿಮೆಯಿಂದಲೇ ಕರೆದೊಯ್ಯುತ್ತೇನೆ, ಬೀದರಿನವರೆಗಾದರೂ ಸರಿ' ಎಂದು ಹೇಳುವ ಧೈರ್ಯ ವರನಿಗೆ ಇರಬೇಕು. ಮಾವನ ಸಾಲದಲ್ಲಿ ಕಂಡ ಹಿಮಾಲಯಕ್ಕಿಂತ ಅಂಥವನ ಜೊತೆ ಕಂಡ ಗೋಲಗುಮ್ಮಟ ಆ ಹುಡುಗಿಯ ಮನಸ್ಸಿನಲ್ಲಿ ಹೆಚ್ಚು ಎತ್ತರವಾಗಿ ನಿಲ್ಲುತ್ತದೆ.