ಸುತ್ತಿಗೆ ಹುಡುಕಲು ಹೋದಾಗ ಸಿಕ್ಕ ನಿಧಿ

ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ಬೆಳ್ಳಿ ನಾಣ್ಯ ಹುಡುಕುವ ವಿಡಿಯೊಗಳನ್ನು ನಾನೂ ನಿದ್ದೆಗೆಟ್ಟು ನೋಡಿದ್ದೇನೆ. ಹೆಚ್ಚಿನವು ಇಂಗ್ಲೆಂಡಿನವು. ಸಂರಕ್ಷಿತ ತಾಣಗಳನ್ನು ಬಿಟ್ಟರೆ, ಜಮೀನಿನ ಮಾಲೀಕರು ಒಪ್ಪಿದರೆ ಅಲ್ಲಿ ಈ ಹವ್ಯಾಸಕ್ಕೆ ಅಡ್ಡಿಯಿಲ್ಲ.

1992ರಲ್ಲಿ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತರೊಬ್ಬರ ಕಳೆದುಹೋದ ಸುತ್ತಿಗೆ ಹುಡುಕಲು ಹೋದವರಿಗೆ ರೋಮನ್ ಕಾಲದ ಸುಮಾರು 15 ಸಾವಿರ ನಾಣ್ಯಗಳ ನಿಧಿ ಸಿಕ್ಕಿತು. ಪೂರ್ತಿ ಅಗೆಯದೆ ಸುದ್ದಿ ಮುಟ್ಟಿಸಿದರು. ಪುರಾತತ್ವ ತಜ್ಞರೇ ಬಂದು ತೆಗೆದಿದ್ದರಿಂದ, ಅದೆಲ್ಲ ಮರದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಸೊತ್ತೆಂದೂ ತಿಳಿಯಿತು. ಸಿಕ್ಕ ಬಹುಮಾನ 17.5 ಲಕ್ಷ ಪೌಂಡ್. (ಸುತ್ತಿಗೆಯೂ ಸಿಕ್ಕಿ ಬ್ರಿಟಿಷ್ ಮ್ಯೂಸಿಯಂ ಸೇರಿತು!)

2015ರಲ್ಲಿ ಹೆರೆಫರ್ಡ್‌ಶೈರಿನಲ್ಲಿ ಇಬ್ಬರು ಹೀಗೆ ಮಾಡಲಿಲ್ಲ. ಸುಮಾರು 300 ನಾಣ್ಯಗಳಲ್ಲಿ ಬಹುಪಾಲು ಕಳ್ಳಮಾರಾಟವಾಯಿತು. 2019ರಲ್ಲಿ ಅವರಿಗೆ ಜೈಲಾಯಿತು. ಆದರೆ ವೆಸೆಕ್ಸ್ ದೊರೆ ಆಲ್ಫ್ರೆಡ್ ನೆರೆಯ ಮರ್ಸಿಯದ ದೊರೆಯೊಂದಿಗೆ ಕೈಜೋಡಿಸಿದ್ದ ಎನ್ನುವ ಆ ಸಾಕ್ಷ್ಯ ಚೆದುರಿಹೋಯಿತು. ನನಗೆ ಬೇಸರವಾಗುವುದು ಜೈಲಿಗಿಂತ ಇದಕ್ಕೆ.

ನಮ್ಮಲ್ಲೂ ನಿಧಿಯಾಸೆಗೆ ಪಾಳು ದೇಗುಲ ಅಗೆದ ಸುದ್ದಿ ಆಗಾಗ ಬರುತ್ತದೆ. ಡಿಟೆಕ್ಟರ್ ಈಗ ಆನ್‌ಲೈನ್‌ನಲ್ಲೇ ಸಿಗುತ್ತದೆ. ಮಣ್ಣಿನಲ್ಲಿ ನಿಧಿ ಸಿಕ್ಕರೆ ಯಾರಿಗೆ ತಿಳಿಸಬೇಕು ಎಂದು ತರಗತಿಯಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಜಿಲ್ಲಾಧಿಕಾರಿಗೆ.