ಒಳಕೋಣೆಯ ಯಂತ್ರವೂ ನಡುಮನೆಯ ಪರದೆಯೂ

ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಆಟವಾಡುವುದು ಸರಿಯೋ ತಪ್ಪೋ ಎಂಬ ವಾದ ನಮ್ಮ ಕಾಲೇಜಿನಲ್ಲಿ ಆಗಿಂದಾಗ್ಗೆ ಏಳುವುದುಂಟು. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಆಡುವವರು ಹೇಗೂ ಆಡುತ್ತಲೇ ಇದ್ದಾರೆ. ಮನೆಯ ಯಾವ ಭಾಗದಲ್ಲಿ ಕುಳಿತು ಆಡುತ್ತಾರೆಂಬುದು ಅದಕ್ಕಿಂತ ವಿಚಾರಾರ್ಹವಾದ ಸಂಗತಿಯೆಂದು ನನ್ನ ಭಾವನೆ.

ಕೆಂಚಾರ್ಲಹಳ್ಳಿ ಹೋಬಳಿಯ ಮನೆಗಳನ್ನೇ ತೆಗೆದುಕೊಳ್ಳೋಣ. ಟೆಲಿವಿಷನ್ನು ಇರುವುದು ನಡುಮನೆಯಲ್ಲಿ. ಕಂಪ್ಯೂಟರು, ಇದ್ದವರ ಮನೆಯಲ್ಲಿ, ಒಳಕೋಣೆಯಲ್ಲಿ. ರೇಷ್ಮೆ ಹುಳು ಸಾಕುವ ಮನೆಯಾದರಂತೂ ಗಾಳಿಯಾಡುವ ಜಾಗವೆಲ್ಲ ಹುಳುವಿಗೆ ಮೀಸಲು, ಬಿ.ಎ. ಓದುವ ಮಗನ ಪಾಲಿಗೆ ಬರುವುದು ಮೂಟೆಗಳ ಮಗ್ಗುಲಿನ ಮೂಲೆ. ಅವನು ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕುಳಿತನೆಂದರೆ, ಒಳಗೆ ನಡೆಯುತ್ತಿರುವುದು ಓದೋ, ಕಾಲ್ಚೆಂಡೋ, ಇಸ್ಪೀಟೋ ಹೊರಗಿನವರಿಗೆ ತಿಳಿಯದು. ತಿಳಿಯದ್ದರಿಂದ ಸಂಶಯ, ಸಂಶಯದಿಂದ ಜಗಳ. ಹಿರಿಯರ ಸಂಶಯವನ್ನು ನಾವು ನಗೆಯಾಡುವಂತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನನ್ನೇ ಮಾಡಬೇಕಾಯಿತು. ಹಣದ ಆಟಕ್ಕೂ ಬರಿಯ ಆಟಕ್ಕೂ ಇರುವ ಅಂತರವನ್ನು ಮುಚ್ಚಿದ ಬಾಗಿಲಿನ ಹೊರಗೆ ನಿಂತ ತಾಯಿ ಹೇಗೆ ತಿಳಿದಾಳು?

ಆದುದರಿಂದ ಯಂತ್ರವು ಒಳಕೋಣೆಯಲ್ಲಿಯೇ ಇರಲಿ, ಅದರ ಚಿತ್ರ ಮಾತ್ರ ನಡುಮನೆಯ ಟೆಲಿವಿಷನ್ನಿಗೆ ಬರಲಿ ಎಂಬುದು ನನ್ನ ವಾದ. ಇದು ಹೊಸ ಏರ್ಪಾಡೇನೂ ಅಲ್ಲ. ಮನೆಬಳಕೆಗೆಂದು ಮೊದಲು ಮಾರಾಟಕ್ಕೆ ಬಂದ ವಿಡಿಯೋ ಆಟದ ಯಂತ್ರ 1972ರ ಮ್ಯಾಗ್ನವಾಕ್ಸ್ ಒಡಿಸ್ಸಿ. ಅದರ ಮೂಲಪುರುಷರಾದ ರಾಲ್ಫ್ ಬೇರ್ ಎಂಬ ಅಮೆರಿಕದ ಎಂಜಿನಿಯರು 1966ರಲ್ಲಿ ಆಲೋಚಿಸಿದ್ದೇ ಮನೆಯ ಟೆಲಿವಿಷನ್ನಿನ ಮೇಲೆ ಆಡಬಹುದಾದ ಆಟವನ್ನು. ಆಟವು ಒಳಕೋಣೆಯನ್ನು ಸೇರಿದ್ದು ಅನಂತರದ ಮಾತು. ಟೆಲಿವಿಷನ್ನಾದರೂ ನಮ್ಮ ನಾಡಿನ ಹಳ್ಳಿಗೆ ಕಾಲಿಟ್ಟದ್ದು ಕೂಡಿ ನೋಡುವ ವಸ್ತುವಾಗಿಯೇ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ನಡೆದ ಶಿಕ್ಷಣ ಪ್ರಯೋಗದಲ್ಲಿ ದೇಶದ ಸುಮಾರು 2400 ಹಳ್ಳಿಗಳಿಗೆ ಸಮುದಾಯದ ಟೆಲಿವಿಷನ್ನುಗಳನ್ನು ಕೊಟ್ಟರು. ಅವುಗಳಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದುವು.

ಸರ್ಕಾರಿ ಕಾಲೇಜಿಗೆ ಬರುವವರಲ್ಲಿ ಇಂಥ ಕಂಪ್ಯೂಟರು ಎಷ್ಟು ಮಂದಿಗುಂಟು ಎಂದು ಅಧ್ಯಾಪಕರು ಕೇಳಬಹುದು. ಕೆಲವರಿಗೆ ಮಾತ್ರ, ನಿಜ. ಅದಕ್ಕಾಗಿಯೇ ಹೇಳುತ್ತಿದ್ದೇನೆ. ಒಳಕೋಣೆಯ ಯಂತ್ರ ಒಬ್ಬನದು. ಅದೇ ಚಿತ್ರ ನಡುಮನೆಗೆ ಬಂದರೆ ತಮ್ಮ, ತಂಗಿ, ಪಕ್ಕದ ಮನೆಯ ಹುಡುಗ, ಯಂತ್ರವಿಲ್ಲದ ಗೆಳೆಯ ಎಲ್ಲರೂ ಚಾಪೆಯ ಮೇಲೆ ಕುಳಿತು ಸರದಿಯಂತೆ ಆಡಬಹುದು.

ಇನ್ನು ಮಾಡುವ ಬಗೆ. ಕೆಲವು ಮಿತ್ರರು ಭಾನುವಾರ ಬಂತೆಂದರೆ ಯಂತ್ರದ ಪೆಟ್ಟಿಗೆಯನ್ನೇ ಹೊತ್ತು ತಂದು ಟೆಲಿವಿಷನ್ನಿನ ಬಳಿ ಇಡುತ್ತಾರೆ. ಇದು ಎತ್ತಿನ ಗಾಡಿಗೆ ಬಾವಿಯನ್ನು ಹೇರಿದಂತೆ. ಎಚ್‌ಡಿಎಂಐ ತಂತಿಯನ್ನು ಉದ್ದಕ್ಕೆ ಎಳೆಯುವವರೂ ಉಂಟು. ಸಾಧಾರಣ ತಾಮ್ರದ ತಂತಿ ಕೆಲವು ಮೀಟರುಗಳನ್ನು ದಾಟಿತೆಂದರೆ 4ಕೆ ಚಿತ್ರ ನಡುನಡುವೆ ಕಪ್ಪಾಗುವ ಸಂಭವ ಹೆಚ್ಚು. ಬೆಳಕಿನ ಎಳೆಯ ತಂತಿ ದೂರ ಒಯ್ಯುತ್ತದೆ, ಆದರೆ ಬೆಲೆ ಹೆಚ್ಚು, ಒಂದೇ ದಿಕ್ಕಿಗೆ ಜೋಡಿಸತಕ್ಕದ್ದು, ಮಡಿಸಿದರೆ ಕೆಟ್ಟಿತು.

ಇವೆರಡಕ್ಕಿಂತ ಉತ್ತಮವಾದದ್ದು ಮನೆಯ ಜಾಲದ ಮೂಲಕ ಕಳುಹಿಸುವುದು. ಕಂಪ್ಯೂಟರಿಗೆ ಸನ್‌ಶೈನ್, ಆಂಡ್ರಾಯ್ಡ್ ಟೆಲಿವಿಷನ್ನಿಗೆ ಮೂನ್‌ಲೈಟ್ ಎಂಬ ತಂತ್ರಾಂಶಗಳನ್ನು ಹಾಕಿಕೊಂಡರಾಯಿತು, ಎರಡಕ್ಕೂ ಹಣವಿಲ್ಲ. ಕಂಪ್ಯೂಟರು ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ, ಟೆಲಿವಿಷನ್ನು ಅದನ್ನು ಬಿಡಿಸಿ ತೋರಿಸುತ್ತದೆ, ಕೈಯ ಗುಂಡಿಗಳ ಸೂಚನೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಇದರಿಂದ ಇಂಟರ್‌ನೆಟ್ಟಿನ ಡಾಟಾ ಖರ್ಚಾಗುವುದೆಂದು ಹಲವರು ಹೆದರುತ್ತಾರೆ. ಚಿತ್ರ ಮನೆಯೊಳಗಿನ ರೂಟರಿಗೆ ಹೋಗಿ ಮನೆಯೊಳಗೇ ತಿರುಗುವುದರಿಂದ ಹೊರಗಿನ ಡಾಟಾ ವ್ಯಯವಾಗುವುದಿಲ್ಲ.

ತೊಡಕು ಬರುವುದು ಗೋಡೆಯಲ್ಲಿ. ನಮ್ಮ ಸೀಮೆಯ ಹಳೆಯ ಮನೆಗಳ ಗೋಡೆ ಕಲ್ಲು ಮಣ್ಣಿನದು, ಸೂರು ಚಪ್ಪಡಿಯದು. ವೈಫೈ ಅಲೆಗಳಲ್ಲಿ ವೇಗವುಳ್ಳ 5 ಗಿಗಾಹರ್ಟ್ಸಿನದು ಇಂಥ ಗೋಡೆಯ ಮುಂದೆ ಬಳಲುತ್ತದೆ, 2.4 ಗಿಗಾಹರ್ಟ್ಸಿನದು ನುಸುಳಿ ಹೋದರೂ ಅದರ ಹಾದಿ ಇಕ್ಕಟ್ಟು. ಸಿನಿಮಾ ನೋಡುವಾಗ ಮುಂದಿನ ಭಾಗವನ್ನು ಮೊದಲೇ ತರಿಸಿಕೊಂಡಿರಬಹುದು. ಆಟದಲ್ಲಿ ಅದು ಸಾಧ್ಯವಿಲ್ಲ, ಗುಂಡಿ ಒತ್ತಿದ ಮೇಲಲ್ಲವೇ ಚಿತ್ರ ಹುಟ್ಟುವುದು! ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದೊಂದಕ್ಕೆ ಸುಮಾರು 17 ಮಿಲಿಸೆಕೆಂಡು. ಆದಕಾರಣ ಗೋಡೆಗೊಂದು ರಂಧ್ರ ಕೊರೆದು ಈಥರ್‌ನೆಟ್ ತಂತಿ ಹಾಯಿಸುವುದೇ ಮೇಲು. ಅದು 100 ಮೀಟರಿನವರೆಗೆ ಅಳುಕದೆ ಒಯ್ಯುತ್ತದೆ. ಎರಡು ಕಡೆಗೂ ಆಗದಿದ್ದರೆ ಕಂಪ್ಯೂಟರಿನಿಂದ ರೂಟರಿನವರೆಗಾದರೂ ತಂತಿಯಿರಲಿ, ರೂಟರು ನಡುಮನೆಯಲ್ಲಿರಲಿ. ಟೆಲಿವಿಷನ್ನಿನಲ್ಲಿ ಗೇಮ್ ಮೋಡ್ ಎಂಬುದಿದ್ದರೆ ಅದನ್ನು ಆರಿಸಿಕೊಂಡಲ್ಲಿ ತಡ ಇನ್ನಷ್ಟು ತಗ್ಗುತ್ತದೆ.

ನಡುಮನೆಗೆ ಬಂದ ಮೇಲೆ ನಡುಮನೆಯ ಕಟ್ಟಳೆಗೂ ಒಳಗಾಗಬೇಕು. ಸಂಜೆ ಅಜ್ಜಿಯ ತೆಲುಗು ಧಾರಾವಾಹಿಯ ಹೊತ್ತಿನಲ್ಲಿ ರಿಮೋಟಿಗೆ ಕೈಹಾಕತಕ್ಕದ್ದಲ್ಲ. ರಕ್ತಪಾತದ ಆಟಗಳನ್ನು ಚಿಕ್ಕ ಮಕ್ಕಳೆದುರಿಗೆ ಆಡಲು ಸಂಕೋಚವಾಗುತ್ತದೆ. ಆ ಸಂಕೋಚ ಒಳ್ಳೆಯದೇ. ಯಾರಾದರೂ ಬಂಧುಗಳು ಬಂದರೆ ಆಟವನ್ನು ಅರ್ಧಕ್ಕೇ ನಿಲ್ಲಿಸಬೇಕಾಗುವುದು ಸ್ವಲ್ಪ ಕಷ್ಟ, ನಿಜ.

ನಮ್ಮೂರುಗಳಲ್ಲಿ ಈಗ ಹೊಸ ಮನೆ ಕಟ್ಟಿಸುತ್ತಿರುವವರು ಅನೇಕರಿದ್ದಾರೆ. ಅಂಥ ಮನೆಯ ವಿದ್ಯಾರ್ಥಿಗಳು ಗಾರೆಯ ಕೆಲಸಕ್ಕೆ ಮುಂಚೆಯೇ ಮೇಸ್ತ್ರಿಗೆ ಹೇಳಿ, ಓದುವ ಕೋಣೆಯಿಂದ ನಡುಮನೆಗೆ ಗೋಡೆಯೊಳಗೆ ಒಂದು ಪೈಪು ಹೂಳಿಸಲಿ. ಕರೆಂಟಿನ ತಂತಿಯ ಪೈಪಿನಲ್ಲಿಯೇ ಇದನ್ನೂ ತುರುಕಿಸಬಾರದು, ಬೇರೆಯದೇ ಆಗಬೇಕು.